ನಕ್ಷತ್ರ ಹಾಕಿದ ರನ್ನು

ಬಿ.ಎಸ್ಸಿ. ಮುಗಿಸಿ ಬಿ.ಎಡ್. ಓದುತ್ತಿರುವ ನನಗೆ ಶಾಲಾ ಇಂಟರ್ನ್‌ಶಿಪ್‌ಗೆಂದು ಸಿಕ್ಕದ್ದು ಆಳಂದ ತಾಲ್ಲೂಕಿನ ಭೂಸನೂರ. ಸಕ್ಕರೆ ಕಾರ್ಖಾನೆಯ ಊರು. ನಾವು ಹೋದದ್ದು ಕಬ್ಬು ನುರಿಸುವ ಹಂಗಾಮಿನಲ್ಲಿ. ಬೆಳಿಗ್ಗೆ ಪ್ರಾರ್ಥನೆಗೆ ನಿಂತಾಗಲೇ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಲಾಗಿ ಹೋಗುತ್ತಿದ್ದವು. ತರಗತಿಯಲ್ಲಿ ಕಿಟಕಿ ಪಕ್ಕದ ಮಕ್ಕಳ ಕಣ್ಣು ಅರ್ಧ ಕಪ್ಪುಹಲಗೆಯ ಮೇಲೆ, ಅರ್ಧ ರಸ್ತೆಯ ಮೇಲೆ.

ನನಗೆ ಒಂಬತ್ತನೇ ತರಗತಿಯ ಗಣಿತ ಕೊಟ್ಟಿದ್ದರು. ಘಟಕ: ಸಂಖ್ಯಾಶಾಸ್ತ್ರ. ಉಪಘಟಕ: ಸರಾಸರಿ, ಮಧ್ಯಾಂಕ, ಬಹುಲಕ. ಸೂಕ್ಷ್ಮ ಬೋಧನೆಯಲ್ಲಿ ಪ್ರಶ್ನಿಸುವ ಕೌಶಲಕ್ಕೆ ಒಳ್ಳೆಯ ಅಂಕ ಪಡೆದಿದ್ದ ನಾನು ಧೈರ್ಯವಾಗಿಯೇ ಹೋದೆ. ಮೊದಲ ಮೂರು ಪಾಠ ನೆಲಕಚ್ಚಿದವು. 'ಹತ್ತು ವಿದ್ಯಾರ್ಥಿಗಳು ಗಳಿಸಿದ ಅಂಕಗಳು ಹೀಗಿವೆ' ಎಂದು ಪುಸ್ತಕದ ಲೆಕ್ಕ ಬರೆದರೆ ಮಕ್ಕಳು ಬರೆದುಕೊಂಡರು, ಕೂಡಿಸಿದರು, ಭಾಗಿಸಿದರು, ಉತ್ತರ ಹೇಳಿದರು. ಯಾಕೆ ಭಾಗಿಸಿದಿರಿ ಎಂದರೆ ಮಾತ್ರ ಯಾರ ಬಾಯಿಂದಲೂ ಮಾತಿಲ್ಲ. ಸಹಪಾಠಿ ಪ್ರಶಿಕ್ಷಣಾರ್ಥಿಯೊಬ್ಬ ನನ್ನ ಪಾಠ ವೀಕ್ಷಿಸಿ, "ನೀ ಕೇಳಿದ ಪ್ರಶ್ನೆಗೆಲ್ಲ ನೀನೇ ಉತ್ತರ ಹೇಳಿದ್ಯಲ್ಲೋ" ಎಂದು ಬರೆದುಕೊಟ್ಟ.

ನಾಲ್ಕನೆಯದು ವಿಮರ್ಶಾ ಪಾಠ. ಕಾಲೇಜಿನಿಂದ ಉಪನ್ಯಾಸಕರು ಬರುವವರಿದ್ದರು. ಮಕ್ಕಳ ಪೂರ್ವಜ್ಞಾನದಿಂದ ಶುರು ಮಾಡಬೇಕು ಎಂದು ನಾವು ಪಾಠ ಟಿಪ್ಪಣಿಯಲ್ಲಿ ಬರೆಯುತ್ತಲೇ ಇರುತ್ತೇವೆ. ಈ ಸಲ ನಿಜವಾಗಿಯೂ ಅದನ್ನು ಹುಡುಕಿದೆ. ಬಿಡುವಿನಲ್ಲಿ ಮೈದಾನಕ್ಕೆ ಇಳಿದರೆ ಸಾಕು, ಉತ್ತರ ಅಲ್ಲೇ ಇತ್ತು. ಇಟ್ಟಿಗೆಯ ವಿಕೆಟ್ಟು, ಹಲಗೆ ಸೀಳಿ ಮಾಡಿದ ಬ್ಯಾಟು, ಸೈಕಲ್ ಟ್ಯೂಬು ಸುತ್ತಿದ ಚೆಂಡು. ಕಾಲೇಜು ತಂಡದಲ್ಲಿ ಆಡಿದವನು ನಾನು. ಕ್ರಿಕೆಟ್ಟಿನ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಹೆಮ್ಮೆಯೂ ಇತ್ತು. ಈ ಬರಹಕ್ಕೆ ಕಾರಣವೇ ಆ ಹೆಮ್ಮೆ.

ಉದಾಹರಣೆಗೆ ನಾನು ಆರಿಸಿಕೊಂಡದ್ದು ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಅವರನ್ನು. ಇಂದಿನ ಮಕ್ಕಳಿಗೆ ಹಳೆಯ ಹೆಸರು ನಿಜ. ಆದರೆ ಅವರ ಮೊದಲ ಟೆಸ್ಟೇ ಸರಾಸರಿಯ ಪಾಠಕ್ಕೆ ಹೇಳಿ ಮಾಡಿಸಿದಂತಿದೆ. 1969ರ ನವೆಂಬರ್, ಕಾನ್ಪುರ, ಎದುರಿಗೆ ಆಸ್ಟ್ರೇಲಿಯಾ. ಇಪ್ಪತ್ತು ವರ್ಷದ ಹುಡುಗ ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆಗೆ ಔಟ್. ಎರಡನೆಯದರಲ್ಲಿ 137. ಸೊನ್ನೆ ಹೊಡೆದು ಮುಖ ಸಣ್ಣಗೆ ಮಾಡಿಕೊಂಡಿದ್ದವನಿಗೆ ಚಿಂತೆ ಮಾಡಬೇಡ, ಶತಕ ಹೊಡೆಯುತ್ತೀಯ ಎಂದು ನಾಯಕ ಪಟೌಡಿ ಧೈರ್ಯ ತುಂಬಿದ್ದನ್ನು ವಿಶ್ವನಾಥ್ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಪುನರ್ಬಲನ ಕೌಶಲಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಮನೋವಿಜ್ಞಾನದ ಪುಸ್ತಕದಲ್ಲೂ ನನಗೆ ಕಂಡಿಲ್ಲ.

ಪಾಠ ಚೆನ್ನಾಗಿಯೇ ಆರಂಭವಾಯಿತು. ಸೊನ್ನೆ ಮತ್ತು 137, ಸರಾಸರಿ 68.5. "ಅರ್ಧ ರನ್ನು ಹೆಂಗ ಹೊಡೀತಾರ್ರಿ ಸರ್?" ಎಂದ ಒಬ್ಬ ಹುಡುಗ. ತರಗತಿ ನಕ್ಕಿತು. ನನಗೆ ಬೇಕಾಗಿದ್ದೂ ಅದೇ ಪ್ರಶ್ನೆ. ಸರಾಸರಿ ಎಂಬುದು ಆ ಮನುಷ್ಯ ಯಾವತ್ತೂ ಹೊಡೆಯದ ರನ್ನು ಕೂಡ ಆಗಿರಬಹುದು, ಇದ್ದದ್ದನ್ನು ಸಮನಾಗಿ ಹಂಚಿದರೆ ಒಂದೊಂದು ಪಾಲಿಗೆ ಎಷ್ಟು ಬರುತ್ತದೆ ಎಂದು ಅದು ಹೇಳುತ್ತದೆ ಎಂದೆ. ಹಿಂದೆ ಕುಳಿತಿದ್ದ ಉಪನ್ಯಾಸಕರು ಏನನ್ನೋ ಬರೆದುಕೊಂಡರು. ನನ್ನ ಎದೆ ಉಬ್ಬಿತು.

ಆ ಉಬ್ಬಿನಲ್ಲಿ ಟಿಪ್ಪಣಿಯಲ್ಲಿ ಇಲ್ಲದ ಇನ್ನೊಂದು ಸಂಖ್ಯೆ ಸೇರಿಸಿದೆ. 1975ರ ಜನವರಿ, ಚೆನ್ನೈ, ವೆಸ್ಟ್ ಇಂಡೀಸ್ ವಿರುದ್ಧದ ಟೆಸ್ಟ್. ಆ್ಯಂಡಿ ರಾಬರ್ಟ್ಸ್ 7 ವಿಕೆಟ್ ಕಿತ್ತರು, ಭಾರತ 190ಕ್ಕೆ ಮುಗಿಯಿತು. ಒಂದು ತುದಿಯಲ್ಲಿ ವಿಶ್ವನಾಥ್ ಮಾತ್ರ ನಿಂತಿದ್ದರು. ಶತಕಕ್ಕೆ ಮೂರು ರನ್ ಬೇಕಿದ್ದಾಗ ಜೊತೆಗಾರರು ಮುಗಿದರು. 97, ಔಟಾಗದೆ. ಶತಕವಲ್ಲದಿದ್ದರೂ ಹಳಬರು ಇವತ್ತಿಗೂ ನೆನೆಯುವ ಇನ್ನಿಂಗ್ಸ್ ಅದು. ಆ ಟೆಸ್ಟನ್ನು ಭಾರತ 100 ರನ್ನಿನಿಂದ ಗೆದ್ದಿತು. ಕಪ್ಪುಹಲಗೆಯ ಮೇಲೆ 'ಬ್ಯಾಟಿಂಗ್ ಸರಾಸರಿ' ಎಂದು ಶೀರ್ಷಿಕೆ ಕೊಟ್ಟು 0, 137, 97* ಎಂದು ಬರೆದೆ. ಮೊತ್ತ 234. ಮೂರರಿಂದ ಭಾಗಿಸಿ 78 ಎಂದೆ.

ಕೊನೆಯ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ಅದು ಆ ಹುಡುಗಿಯದು. ನಾನು ಹೋದಾಗಿನಿಂದ ಒಂದು ಮಾತೂ ಆಡಿರದ ಹುಡುಗಿ. ಮೂರು ದಿನಕ್ಕೆ ಒಂದು ದಿನ ಗೈರು. ನೋಟುಪುಸ್ತಕದಲ್ಲಿ ಅರ್ಧ ಲೆಕ್ಕ. ನನ್ನ ದಿನಚರಿಯಲ್ಲಿ ಅವಳ ಬಗ್ಗೆ ಎರಡೇ ದಿನಕ್ಕೆ 'ನಿಧಾನ ಕಲಿಕೆಯ ವಿದ್ಯಾರ್ಥಿನಿ, ಆಸಕ್ತಿ ಕಡಿಮೆ' ಎಂದು ಬರೆದಿಟ್ಟಿದ್ದೆ.

"ಸರ್, ಅದರ ಮುಂದ ಚಿಕ್ಕಿ ಅದರಿ. ಔಟ್ ಆಗಿಲ್ಲ. ಮೂರರಿಂದ ಭಾಗಿಸಬಾರದ್ರಿ."

ಹಿಂದೆ ಉಪನ್ಯಾಸಕರು. ಗಡಿಯಾರದಲ್ಲಿ ಹನ್ನೆರಡು ನಿಮಿಷ ಉಳಿದಿದೆ. ಮೌಲ್ಯಮಾಪನದ ಪ್ರಶ್ನೆಗಳು ಬಾಕಿ ಇವೆ. ಅವಳು ಹೇಳಿದ್ದು ಏನು ಎಂದು ಒಂದು ಕ್ಷಣ ಯೋಚಿಸಿದ್ದರೆ ಸಾಕಿತ್ತು. ನಾನು ಯೋಚಿಸಲಿಲ್ಲ. "ಗಣಿತದಾಗ ಚಿಕ್ಕಿ ಗಿಕ್ಕಿ ಇಲ್ಲ, ಕುಂದ್ರು" ಎಂದೆ. ತರಗತಿ ಮತ್ತೆ ನಕ್ಕಿತು. ಈ ಸಲದ ನಗು ಬೇರೆ. ಅವಳು ಕುಳಿತಳು. ಉಳಿದ ಹನ್ನೆರಡು ನಿಮಿಷ ತಲೆ ಎತ್ತಲಿಲ್ಲ.

ಪಾಠದ ನಂತರ ಉಪನ್ಯಾಸಕರು ಒಳ್ಳೆಯ ಮಾತುಗಳನ್ನೇ ಹೇಳಿದರು. ಪೀಠಿಕೆ ಚೆನ್ನಾಗಿದೆ, ಧ್ವನಿಯಲ್ಲಿ ಏರಿಳಿತ ಇದೆ, ಕಪ್ಪುಹಲಗೆ ಬಳಕೆ ಅಚ್ಚುಕಟ್ಟು. ಕೊನೆಗೆ, "ಆ ಹುಡುಗಿ ಏನು ಹೇಳಿದಳು?" ಎಂದು ಕೇಳಿದರು. ಏನೋ ಅಡ್ಡ ಪ್ರಶ್ನೆ ಸರ್ ಎಂದೆ. ಅವರು ನನ್ನ ಮುಖ ನೋಡಿದರು, ಮುಂದೆ ಮಾತಾಡಲಿಲ್ಲ.

ರಾತ್ರಿ ರೂಮಿನಲ್ಲಿ ಕೂತು ಲೆಕ್ಕ ಮಾಡಿದೆ. ವಿಶ್ವನಾಥ್ ಆಡಿದ್ದು 91 ಟೆಸ್ಟ್, 155 ಇನ್ನಿಂಗ್ಸ್, ಗಳಿಸಿದ್ದು 6,080 ರನ್, ಶತಕ 14. ದಾಖಲೆಯಲ್ಲಿ ಅವರ ಸರಾಸರಿ 41.93. ನಾನು 6,080ನ್ನು 155ರಿಂದ ಭಾಗಿಸಿದೆ. 39.23 ಬಂತು. ಮತ್ತೊಮ್ಮೆ ಭಾಗಿಸಿದೆ. ಅದೇ ಉತ್ತರ. ಆಮೇಲೆ ಕಣ್ಣಿಗೆ ಬಿತ್ತು: 155ರಲ್ಲಿ 10 ಸಲ ಅವರು ಔಟಾಗಿಲ್ಲ. 145ರಿಂದ ಭಾಗಿಸಿದೆ. 41.93.

ಇಷ್ಟು ವರ್ಷ ಟಿ.ವಿ.ಯಲ್ಲಿ ಬ್ಯಾಟಿಂಗ್ ಸರಾಸರಿ ನೋಡುತ್ತ ಬಂದಿದ್ದೇನೆ. ಬಿ.ಎಸ್ಸಿ.ಯಲ್ಲಿ ಗಣಿತ ಓದಿದ್ದೇನೆ. ಆ ಸರಾಸರಿಯನ್ನು ಇನ್ನಿಂಗ್ಸಿನಿಂದಲ್ಲ, ಔಟಾದ ಸಂಖ್ಯೆಯಿಂದ ಭಾಗಿಸುತ್ತಾರೆ ಎಂಬುದು ಕೇಳಿದ್ದರೂ ಕೈಗೆ ಬಂದಿರಲಿಲ್ಲ. ನನ್ನ 78 ಆ ಮೂರು ಸಂಖ್ಯೆಗಳ ಅಂಕಗಣಿತ ಸರಾಸರಿಯಾಗಿ ಸರಿ. ಆದರೆ ಹಲಗೆಯ ಮೇಲೆ ನಾನು ಬರೆದದ್ದು 'ಬ್ಯಾಟಿಂಗ್ ಸರಾಸರಿ' ಎಂದು. ಅದಕ್ಕೆ ಉತ್ತರ 234 ಭಾಗಿಸು 2, ಅಂದರೆ 117. ಹುಡುಗಿ ಹೇಳಿದ್ದೇ ಸರಿ. ಅಡ್ಡ ಪ್ರಶ್ನೆ ಅದಾಗಿರಲಿಲ್ಲ. ಯಾವುದನ್ನು ಯಾವುದರಿಂದ ಭಾಗಿಸಬೇಕು, ಯಾಕೆ ಎಂಬ ಪ್ರಶ್ನೆ ಅದು. ಮೂರು ದಿನದಿಂದ ನಾನು ಮಕ್ಕಳ ಬಾಯಿಂದ ಹೊರಡಿಸಲು ಒದ್ದಾಡುತ್ತಿದ್ದ ಪ್ರಶ್ನೆಯೂ ಅದೇ.

ತಪ್ಪು ಗೊತ್ತಾಯಿತು. ಒಪ್ಪಿಕೊಳ್ಳುವುದು ಹೇಗೆ? ಪ್ರಶಿಕ್ಷಣಾರ್ಥಿಗೆ ತರಗತಿಯಲ್ಲಿ ಇರುವ ಗೌರವವೇ ಎರವಲಿನದು. ಇನ್ನು ಕೆಲವು ವಾರಕ್ಕೆ ಹೋಗುವವರು ಎಂದು ಮಕ್ಕಳಿಗೂ ಗೊತ್ತು. ತಪ್ಪು ಒಪ್ಪಿಕೊಂಡರೆ ಶಿಸ್ತು ಕೈತಪ್ಪೀತು ಎಂಬ ಭಯ. ಸುಮ್ಮನೆ ಮುಂದಿನ ಪಾಠಕ್ಕೆ ಹೋದರೆ ಯಾರಿಗೂ ತಿಳಿಯುವುದಿಲ್ಲ ಎಂಬ ಆಸೆ.

ಆಗ ಎರಡು ಪಂದ್ಯಗಳು ನೆನಪಾದವು. ಒಂದು ನಾವು ಆಡದ ಆಟದ್ದು, ಅಮೆರಿಕದ ಬೇಸ್‌ಬಾಲ್. ಅದರಲ್ಲಿ 'ಪರಿಪೂರ್ಣ ಪಂದ್ಯ' ಎಂದೊಂದು ಇದೆ. ಒಂಬತ್ತು ಇನ್ನಿಂಗ್ಸ್, ಇನ್ನಿಂಗ್ಸಿಗೆ ಮೂರು ಔಟ್, ಒಟ್ಟು 27. ಚೆಂಡೆಸೆಯುವವನು ಒಬ್ಬರನ್ನೂ ಮೊದಲ ನೆಲೆ ಮುಟ್ಟಲು ಬಿಡದೆ 27 ಜನರನ್ನೂ ಸಾಲಾಗಿ ವಾಪಸ್ ಕಳಿಸಬೇಕು. ನೂರು ವರ್ಷ ದಾಟಿದ ಆ ವೃತ್ತಿಪರ ಆಟದಲ್ಲಿ ಅಂಥ ಪಂದ್ಯಗಳು ಬಹಳ ಅಪರೂಪ. 2010ರ ಜೂನ್ 2ರಂದು ಡೆಟ್ರಾಯಿಟ್‌ನಲ್ಲಿ ಆರ್ಮಾಂಡೊ ಗಲರಾಗ ಎಂಬಾತ 26 ಜನರನ್ನು ಹಾಗೆ ಕಳಿಸಿದ. 27ನೆಯವನೂ ಔಟಾದ. ಆದರೆ ಅಂಪೈರ್ ಜಿಮ್ ಜಾಯ್ಸ್ ಔಟಲ್ಲ ಎಂದು ಕೈ ಚಾಚಿದರು. ಗಲರಾಗ ಕೂಗಾಡಲಿಲ್ಲ. ಒಮ್ಮೆ ನಕ್ಕು ಮುಂದಿನ ಚೆಂಡು ಎಸೆಯಲು ಹೋದ. ಪಂದ್ಯ ಮುಗಿದ ಮೇಲೆ ಮರುಪ್ರಸಾರ ನೋಡಿದ ಜಾಯ್ಸ್ ತಮ್ಮದು ತಪ್ಪು ಎಂದು ಎಲ್ಲರೆದುರು ಒಪ್ಪಿಕೊಂಡು ಕಣ್ಣೀರಿಟ್ಟರು. ಮರುದಿನ ಅದೇ ಮೈದಾನದಲ್ಲಿ ಗಲರಾಗ ತಂಡದ ಆಟಗಾರರ ಪಟ್ಟಿಯನ್ನು ತಂದು ಜಾಯ್ಸ್ ಕೈಗೆ ಕೊಟ್ಟ. ದಾಖಲೆ ಮಾತ್ರ ಬದಲಾಗಲಿಲ್ಲ. ಆ ಪಂದ್ಯ ಪರಿಪೂರ್ಣ ಪಂದ್ಯಗಳ ಪಟ್ಟಿಗೆ ಸೇರಲಿಲ್ಲ. ಜನ ನೆನೆಯುವುದು ಮಾತ್ರ ಪಟ್ಟಿಯಲ್ಲಿರುವ ಎಷ್ಟೋ ಪಂದ್ಯಗಳಿಗಿಂತ ಹೆಚ್ಚಾಗಿ ಅದನ್ನೇ.

ಇನ್ನೊಂದು ಪಂದ್ಯ ನನ್ನ ಪಾಠದ ವಿಶ್ವನಾಥ್ ಅವರದೇ. 1980ರ ಫೆಬ್ರುವರಿ, ಮುಂಬೈಯಲ್ಲಿ ಇಂಗ್ಲೆಂಡ್ ವಿರುದ್ಧ ಸುವರ್ಣ ಮಹೋತ್ಸವದ ಟೆಸ್ಟ್. ನಾಯಕ ವಿಶ್ವನಾಥ್. ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡು ಒದ್ದಾಡುತ್ತಿತ್ತು. ಬಾಬ್ ಟೇಲರ್ ಕೀಪರ್‌ಗೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲ ಎನ್ನಿಸಿದ ವಿಶ್ವನಾಥ್ ಟೇಲರ್ ಅವರನ್ನು ವಾಪಸ್ ಕರೆದರು. ಟೇಲರ್ ಮತ್ತು ಇಯಾನ್ ಬಾಥಮ್ ಸೇರಿ 171 ರನ್ ಕೂಡಿಸಿದರು. ಭಾರತ 10 ವಿಕೆಟ್‌ನಿಂದ ಸೋತಿತು. ಆ ಕರೆ ಪಂದ್ಯವನ್ನೇ ಕಸಿದುಕೊಂಡಿತು ಎನ್ನುವವರಿದ್ದಾರೆ. ಆದರೂ ವಿಶ್ವನಾಥ್ ಎಂದರೆ ಸ್ಕ್ವೇರ್ ಕಟ್ ಜೊತೆಗೆ ಜನ ಮೊದಲು ಹೇಳುವುದು ಈ ಕರೆಯನ್ನೇ.

ಅವರದು ತಮ್ಮ ತಪ್ಪೂ ಆಗಿರಲಿಲ್ಲ, ಅಂಪೈರನದು. ನನ್ನದು ನನ್ನದೇ ತಪ್ಪು. ಸೋಲಲು ನನ್ನ ಬಳಿ ಟೆಸ್ಟ್ ಪಂದ್ಯವೂ ಇರಲಿಲ್ಲ, ಸ್ವಲ್ಪ ಜಂಬ ಮಾತ್ರ ಇತ್ತು.

ಮರುದಿನ ಗಟ್ಟಿ ಮನಸ್ಸು ಮಾಡಿ ಹೋದೆ. ಅವಳು ಬಂದಿರಲಿಲ್ಲ. ಅದರ ಮರುದಿನವೂ ಇಲ್ಲ. ಪಕ್ಕದವಳನ್ನು ಕೇಳಿದರೆ, "ತೊಗರಿ ಕೊಯ್ಯಾಕ ಹೋಗ್ಯಾಳ್ರಿ, ಅವರವ್ವಗ ಆರಾಮಿಲ್ಲ" ಎಂದಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರಿನ ಗುರುತು ಹಾಕುತ್ತ ನನಗೆ ಕೈ ನಿಂತಿತು. ಅವಳು ತೊಗರಿ ಹೊಲದಿಂದಾಗಿ ಬಂದಿಲ್ಲವೋ, ನನ್ನ ಮಾತಿನಿಂದಾಗಿ ಬಂದಿಲ್ಲವೋ? ನಮ್ಮ ಭಾಗದಲ್ಲಿ ಸುಗ್ಗಿಗೆಂದು ನಾಲ್ಕು ದಿನ ಹೋದ ಹುಡುಗಿ ಶಾಲೆಗೆ ಮರಳದಿರಲು ದೊಡ್ಡ ಕಾರಣ ಬೇಕಾಗಿಲ್ಲ. ಮೊದಲೇ ತೂಗಾಡುತ್ತಿರುವ ತಕ್ಕಡಿ. ಶಿಕ್ಷಕನೊಬ್ಬ ಎಲ್ಲರ ಮುಂದೆ ನಗೆಪಾಟಲು ಮಾಡಿದ್ದು ಒಂದು ಹಿಡಿ ಭಾರವಾದರೂ ಸಾಕು, ಮನೆಯ ಕಡೆಗೆ ವಾಲಿಬಿಡುತ್ತದೆ. ಆ ಎರಡು ದಿನ ನಾನು ಪಾಠ ಮಾಡಿದ್ದು ಏನು ಎಂದು ಈಗ ನೆನಪಿಲ್ಲ.

ಮೂರನೆಯ ದಿನ ಬಂದಳು. ಬೆರಳ ತುಂಬ ಗೀರು. ನಾನು ಹಲಗೆಯ ಮೇಲೆ ಮತ್ತೆ 0, 137, 97* ಬರೆದೆ. "ಅವತ್ತು ನಾ ಹೇಳಿದ್ದು ತಪ್ಪು. ಈಕಿ ಹೇಳಿದ್ದು ಖರೆ. ಕೇಳದ ಕುಂದ್ರಿಸಿದೆ, ಅದು ಇನ್ನೊಂದು ತಪ್ಪು" ಎಂದೆ. ಮುಂಬೈ ಟೆಸ್ಟಿನ ಕಥೆ ಹೇಳಿದೆ. "ಔಟ್ ಆಗದವರನ್ನ ನಾ ಔಟ್ ಕೊಟ್ಟಿದ್ದೆ. ಈಗ ವಾಪಸ್ ಕರೀತೀನಿ. ಬಂದು ನೀನೇ ಹೇಳು" ಎಂದು ಸೀಮೆಸುಣ್ಣ ಚಾಚಿದೆ.

ಅವಳು ತಕ್ಷಣ ಏಳಲಿಲ್ಲ. ನಾನು ಮತ್ತೆ ನಗಿಸಲು ಕರೆಯುತ್ತಿದ್ದೇನೋ ಎಂದು ಅಳೆದಂತೆ ನೋಡಿದಳು. ಆ ನೋಟಕ್ಕೆ ನಾನು ಅರ್ಹನೇ ಆಗಿದ್ದೆ. ಕೊನೆಗೆ ಬಂದಳು. ತರಗತಿಗೆ ಬೆನ್ನು ಮಾಡಿ ಹಲಗೆಗೇ ಹೇಳಿದಳು: "ಒಂದು ಸಲ ಔಟ್ ಆಗಾಕ ಎಷ್ಟು ರನ್ ಹೊಡೀತಾರ ಅನ್ನೋದು ಈ ಲೆಕ್ಕರಿ. ತೊಂಬತ್ತೇಳರಾಗ ಔಟ್ ಆಗಿಲ್ಲ. ರನ್ ಹಿಡೀಬೇಕು, ಔಟ್ ಹಿಡೀಬಾರದು." ನಾನು ಪುಸ್ತಕ ನೋಡಿ ಹೇಳಿದ್ದರೂ ಇಷ್ಟು ಚಿಕ್ಕದಾಗಿ, ಇಷ್ಟು ಸ್ಪಷ್ಟವಾಗಿ ಹೇಳುತ್ತಿರಲಿಲ್ಲ.

ಆಮೇಲೆ ಇಡೀ ತರಗತಿ 6,080ನ್ನು ಹಿಡಿದು ಕೂತಿತು. 155ರಿಂದ ಒಂದು ಗುಂಪು, 145ರಿಂದ ಇನ್ನೊಂದು. 41.93 ಬಂದಾಗ ಗಲಾಟೆಯೋ ಗಲಾಟೆ. ಕಬ್ಬು ಬೆಳೆಯುವ ಮನೆಯ ಹುಡುಗನೊಬ್ಬ ತಾನಾಗಿಯೇ ಇನ್ನೊಂದು ಲೆಕ್ಕ ತಂದ. ಒಬ್ಬನಿಗೆ ಒಂದು ಎಕರೆಯಲ್ಲಿ 40 ಟನ್, ಇನ್ನೊಬ್ಬನಿಗೆ ನಾಲ್ಕು ಎಕರೆಯಲ್ಲಿ 120 ಟನ್ ಬಂದರೆ ಎಕರೆಗೆ ಸರಾಸರಿ ಎಷ್ಟು? ಮೊದಲನೆಯವನದು 40, ಎರಡನೆಯವನದು 30, ಆದ್ದರಿಂದ 35 ಎಂದರು ಕೆಲವರು. ಅಲ್ಲ, ಒಟ್ಟು 160 ಟನ್, ಒಟ್ಟು ಐದು ಎಕರೆ, 32 ಎಂದರು ಉಳಿದವರು. ರೈತರಿಂದ ಭಾಗಿಸಬೇಕೋ ಎಕರೆಯಿಂದ ಭಾಗಿಸಬೇಕೋ ಎಂದು ಜಗಳ. ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ. ಶಿಸ್ತು ಕೈತಪ್ಪೀತು ಎಂದು ಹೆದರಿದ್ದೆನಲ್ಲ, ಅವತ್ತು ನಿಜವಾಗಿಯೂ ಕೈತಪ್ಪಿತ್ತು. ನನ್ನ ಇಂಟರ್ನ್‌ಶಿಪ್‌ನ ಅತ್ಯುತ್ತಮ ಪಾಠ ಅದು. ಅಂದು ವೀಕ್ಷಣೆಗೆ ಯಾರೂ ಬಂದಿರಲಿಲ್ಲ.

ನಿನಗೆ ಇದೆಲ್ಲ ಹೇಗೆ ಗೊತ್ತು ಎಂದು ಬಿಡುವಿನಲ್ಲಿ ಕೇಳಿದೆ. "ನಮ್ಮ ಅಣ್ಣಂದಿರು ಆಡ್ತಾರ್ರಿ. ನಾ ಬರೀತೀನಿ" ಎಂದಳು. ಹಳೆಯ ನೋಟುಪುಸ್ತಕ ತಂದು ತೋರಿಸಿದಳು. ಪುಟಪುಟವೂ ಚುಕ್ಕೆ, ಗೆರೆ, ಓವರು, ವಿಕೆಟ್ಟು. ಪ್ರತಿ ಭಾನುವಾರದ ಕೊನೆಗೆ ಪ್ರತಿಯೊಬ್ಬನ ಸರಾಸರಿ. ನನ್ನ ತರಗತಿಯ ಲೆಕ್ಕ ಅರ್ಧಕ್ಕೆ ಬಿಡುತ್ತಿದ್ದವಳು ಇಲ್ಲಿ ಒಂದನ್ನೂ ಅರ್ಧಕ್ಕೆ ಬಿಟ್ಟಿರಲಿಲ್ಲ.

"ನೀ ಆಡಂಗಿಲ್ಲೇನು?"

"ಹುಡುಗ್ಯಾರು ಆಡ್ತಾರೇನ್ರಿ?"

ನನ್ನ ಪಾಠದ ಉದಾಹರಣೆಗಳಲ್ಲಿ ಒಬ್ಬ ಹೆಣ್ಣುಮಗಳೂ ಇರಲಿಲ್ಲ ಎಂದು ಆಗ ಹೊಳೆಯಿತು. ಪಕ್ಕದ ವಿಜಯಪುರದ ರಾಜೇಶ್ವರಿ ಗಾಯಕವಾಡ ಅವರ ಬಗ್ಗೆ ಹೇಳಿದೆ. 2017ರ ಮಹಿಳಾ ವಿಶ್ವಕಪ್, ಜುಲೈ 15, ಇಂಗ್ಲೆಂಡಿನ ಡರ್ಬಿ. ಗೆದ್ದವರು ಸೆಮಿಫೈನಲ್‌ಗೆ, ಸೋತವರು ಮನೆಗೆ. ಭಾರತ 265, ಮಿಥಾಲಿ ರಾಜ್ 109, ಕಡೂರಿನ ವೇದಾ ಕೃಷ್ಣಮೂರ್ತಿ 45 ಚೆಂಡಿಗೆ 70. ಆ ಟೂರ್ನಿಯಲ್ಲಿ ಅಲ್ಲಿಯವರೆಗೆ ಆಡಲು ಅವಕಾಶವೇ ಸಿಗದಿದ್ದ ರಾಜೇಶ್ವರಿ ಎಡಗೈ ಸ್ಪಿನ್ನಿನಲ್ಲಿ 15 ರನ್ನಿಗೆ 5 ವಿಕೆಟ್ ಕಿತ್ತರು. ನ್ಯೂಜಿಲೆಂಡ್ 79ಕ್ಕೆ ಆಲೌಟ್. ಅವಳು ಬಾಯಲ್ಲೇ ಕಳೆದು "ನೂರಾ ಎಂಬತ್ತಾರು" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಬಿಜಾಪುರದಾಕೀನೇ ಏನ್ರಿ?" ಎಂದಳು. ಹೌದು ಎಂದೆ. "ಅದೇ ನಮ್ಮ ಬಾಜೂಕಿನ ಬಿಜಾಪುರ?" ಎಂದು ಇನ್ನೊಮ್ಮೆ ಕೇಳಿದಳು.

ಇದನ್ನು ಓದುವ ನನ್ನ ಸಹ ಪ್ರಶಿಕ್ಷಣಾರ್ಥಿಗಳಿಗೆ ಎರಡೇ ಮಾತು. ಪಾಠ ಟಿಪ್ಪಣಿಯಲ್ಲಿ 'ನಿರೀಕ್ಷಿತ ಉತ್ತರ' ಎಂಬ ಕಾಲಂ ಇರುತ್ತದೆ. ಆ ಕಾಲಮ್ಮಿನಲ್ಲಿ ಇಲ್ಲದ ಉತ್ತರ ಬಂದಾಗ ಒಂದು ನಿಮಿಷ ನಿಲ್ಲಿ. ಗಡಿಯಾರ ನೋಡಬೇಡಿ, ಹಿಂದೆ ಕೂತವರನ್ನೂ ನೋಡಬೇಡಿ, "ಹೆಂಗ?" ಎಂದು ಕೇಳಿ. ಎರಡನೆಯದು, ಎರಡು ದಿನದ ಪರಿಚಯಕ್ಕೆ ಮಗುವಿನ ಬಗ್ಗೆ ದಿನಚರಿಯಲ್ಲಿ ತೀರ್ಪು ಬರೆಯಬೇಡಿ. ನಾನು ಬರೆದದ್ದನ್ನು ಹೊಡೆದುಹಾಕಿದೆ. ಅಳಿಸಲಿಲ್ಲ, ಓದಲು ಬರುವಂತೆ ಒಂದೇ ಗೆರೆ ಎಳೆದು ಕೆಳಗೆ ದಿನಾಂಕ ಹಾಕಿದೆ. ದಿನಚರಿ ನೋಡಿದ ಉಪನ್ಯಾಸಕರು ಆ ಗೆರೆಯ ಪಕ್ಕದಲ್ಲಿ ಸಹಿ ಮಾಡಿದರು, ಬೇರೇನೂ ಬರೆಯಲಿಲ್ಲ.

ಕೊನೆಯ ದಿನ ಮಕ್ಕಳು ನಮ್ಮ ಜೊತೆ ಒಂದು ಪಂದ್ಯ ಇಟ್ಟುಕೊಂಡರು. ಎರಡು ಓವರು ಹುಡುಗಿಯರೇ ಎಸೆಯಬೇಕು ಎಂದು ನಾನು ಷರತ್ತು ಹಾಕಿದೆ. ಹುಡುಗರು ಗೊಣಗಿ ಒಪ್ಪಿದರು. ಅವಳು ನೋಟುಪುಸ್ತಕವನ್ನು ಗೆಳತಿಯ ಕೈಗೆ ಕೊಟ್ಟು, ಎಲ್ಲಿ ಚುಕ್ಕೆ ಹಾಕಬೇಕು ಎಂದು ತೋರಿಸಿ, ಚೆಂಡು ತೆಗೆದುಕೊಂಡಳು. ಬ್ಯಾಟು ನನ್ನ ಕೈಯಲ್ಲಿತ್ತು. ಮೂರನೆಯ ಚೆಂಡಿಗೆ ಇಟ್ಟಿಗೆ ಬಿತ್ತು. ನಾನು ಹೊಡೆದಿದ್ದು ನಾಲ್ಕು ರನ್. ಈ ಸಲ ಔಟು ನಿಜವಾಗಿಯೂ ಔಟು. ಯಾರೂ ವಾಪಸ್ ಕರೆಯಲಿಲ್ಲ.

ಅವಳು ಹತ್ತನೇ ತರಗತಿಗೆ ಬಂದಿದ್ದಾಳೋ ಇಲ್ಲವೋ ಎಂದು ಜೂನ್‌ನಲ್ಲಿ ಶಾಲೆ ತೆರೆದಾಗ ಒಮ್ಮೆ ಭೂಸನೂರಿಗೆ ಹೋಗಿ ನೋಡಬೇಕು.